ನೀರಿನ ಕಾರು, ಕುಟುಂಬದ ಗುಂಪು

ಚಿಕ್ಕಪ್ಪ: (ಫಾರ್ವರ್ಡ್) ಇನ್ನು ಪೆಟ್ರೋಲ್ ಬೇಡ! ನೀರಿನಿಂದ ತೆಗೆದ ಹೈಡ್ರೋಜನ್‌ನಲ್ಲಿ ಕಾರು ಓಡುತ್ತದೆ. ಹೊಗೆ ಇಲ್ಲ, ಖರ್ಚಿಲ್ಲ. ತೈಲ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ನಾನು ಎಷ್ಟು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ, ಯಾರಾದರೂ ಕೇಳಿದಿರಾ?

ನಾನು: ಇದನ್ನು ಬರೆದವರು ಯಾರು ಚಿಕ್ಕಪ್ಪ?

ಚಿಕ್ಕಪ್ಪ: ಮೊದಲು ಪೂರ್ತಿ ಓದು.

ನಾನು: ಓದಿದೆ. ಕಾರು ಓಡುವುದು ನಿಜ. ಖರ್ಚಿಲ್ಲ ಅನ್ನುವುದು ಸುಳ್ಳು. ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ತೆಗೆಯಲು 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಅದರಲ್ಲಿ ಸಿಗುವ ಶಕ್ತಿ ಸುಮಾರು 33 ಯೂನಿಟ್. ಅದನ್ನು ಒತ್ತಿ ಟ್ಯಾಂಕಿಗೆ ತುಂಬಲು ಮತ್ತೆ ಕರೆಂಟ್. ಕಾರಿನೊಳಗೆ ಹೈಡ್ರೋಜನ್ನನ್ನು ಮತ್ತೆ ಕರೆಂಟ್ ಮಾಡುವ ಫ್ಯುಯೆಲ್ ಸೆಲ್‌ನಲ್ಲಿ ಇನ್ನೂ ಅರ್ಧದ ಹತ್ತಿರ ಹೋಗುತ್ತದೆ. ಅದೇ ಕರೆಂಟನ್ನು ನೇರವಾಗಿ ಬ್ಯಾಟರಿಗೆ ಹಾಕಿದರೆ ಎರಡು ಪಟ್ಟಿಗಿಂತ ಜಾಸ್ತಿ ದೂರ ಹೋಗಬಹುದು, ಅಲ್ವಾ?

ದೊಡ್ಡಪ್ಪ: ವಿಷಯ ಏನೇ ಇರಲಿ, ಹಿರಿಯರಿಗೆ ಸುಳ್ಳು ಅನ್ನಬಾರದು. ಓಡಾಟ ಕಡಿಮೆ ಮಾಡಿ, ಯಾವ ಇಂಧನವಾದರೂ ಸಾಕಾಗುತ್ತದೆ.

ಅಣ್ಣ: ಹೈಡ್ರೋಜನ್ ಅಂದ ಕೂಡಲೇ ಶಾಲೆಯ ಲ್ಯಾಬ್ ನೆನಪಾಯಿತು! ಸತುವಿನ ಚೂರಿಗೆ ಆಸಿಡ್ ಹಾಕಿ, ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದರೆ ಪಪ್ ಅಂತ ಸದ್ದು. ನಮ್ಮ ಮೇಷ್ಟ್ರು ಈಗ ಎಲ್ಲಿದ್ದಾರೋ.

ನಾನು: ಆ ಪಪ್ ಇದೆಯಲ್ಲ ಅಣ್ಣ, ಅದೇ ತಲೆನೋವು. ಗಾಳಿಯಲ್ಲಿ ಬರೀ 4 ಶೇಕಡಾ ಸೇರಿದರೂ ಹೊತ್ತಿಕೊಳ್ಳುತ್ತದೆ. ಹಗಲಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ಅಣು ತೀರಾ ಸಣ್ಣದು, ಸಂದಿಯಲ್ಲೆಲ್ಲ ನುಸುಳುತ್ತದೆ. ಕೆಲವು ಬಗೆಯ ಉಕ್ಕಿನೊಳಗೇ ಸೇರಿಕೊಂಡು ಬಿರುಕು ಬಿಡಿಸುತ್ತದೆ, ಹಾಗಾಗಿ ಹಳೆಯ ಗ್ಯಾಸ್ ಪೈಪಿನಲ್ಲಿ ಸುಮ್ನೆ ಹರಿಸಲು ಆಗುವುದಿಲ್ಲ. ಕಾರಿನ ಟ್ಯಾಂಕಿನಲ್ಲಿ 700 ಬಾರ್ ಒತ್ತಡ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 700 ಪಟ್ಟು. ದ್ರವ ಮಾಡಬೇಕೆಂದರೆ ಮೈನಸ್ 253 ಡಿಗ್ರಿಗೆ ಇಳಿಸಬೇಕು.

ಚಿಕ್ಕಪ್ಪ: ಎಲ್ಲದಕ್ಕೂ ತಕರಾರು. ಹಾಗಾದರೆ ಹೈಡ್ರೋಜನ್ ದಂಡ ಅನ್ನು!

ನಾನು: ಖಂಡಿತ ಅಲ್ಲ. ಗೊಬ್ಬರದ ಅಮೋನಿಯಾಕ್ಕೆ ಅದು ಬೇಕೇ ಬೇಕು. ಕಲ್ಲಿದ್ದಲಿಲ್ಲದೆ ಉಕ್ಕು ಮಾಡಲೂ ಬೇಕು. ಈಗ ಅದನ್ನು ಹೆಚ್ಚಾಗಿ ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದಲೇ ತೆಗೆಯುತ್ತಾರೆ, ಹೊಗೆ ಅಲ್ಲೇ ಬರುತ್ತದೆ. ಮೊದಲು ಅದನ್ನು ಸರಿಮಾಡಬೇಕು. ಕಾರಿನ ಮಾತು ಆಮೇಲೆ.

ಚಿಕ್ಕಪ್ಪ: ಈ ಮನೆಯಲ್ಲಿ ನನ್ನ ಮಾತಿಗೆ ಯಾವತ್ತು ಬೆಲೆ ಇತ್ತು? ಪಾಲಿನ ದಿನವೂ ಇಷ್ಟೇ.

ಅತ್ತೆ: ಪಾಲಿನ ವಿಷಯ ಇಲ್ಲಿ ಯಾಕೆ? ಸಹಿ ಹಾಕಿದ್ದು ನೀನೇ.

ಚಿಕ್ಕಪ್ಪ: ಓದಲು ಬಿಟ್ಟಿದ್ದರೆ ತಾನೇ? ಫೋನ್ ಎತ್ತು, ಈಗಲೇ ಮಾತಾಡೋಣ.

ಅಣ್ಣ: ಮೇಷ್ಟ್ರ ನಂಬರ್ ಯಾರ ಹತ್ತಿರವಾದರೂ ಇದೆಯಾ?