ಸಹಾಯ ಬೇಕು: ಮನೇಲಿ ಚಾಕು ಹರಿತ ಮಾಡೋಕೆ ಕಲ್ಲು ತಗೊಳ್ಳೋದಾ, ಎಳೆಯೋ ಶಾರ್ಪನರ್ರಾ?

ಎಲ್ಲರಿಗೂ ನಮಸ್ಕಾರ. ನಾವಿರೋದು ಚಿಂತಾಮಣೀಲಿ. ಅಡುಗೆಮನೆ ಚಾಕುಗಳೆಲ್ಲ ಮೊಂಡಾಗಿವೆ. ಟೊಮೆಟೊ ಹೆಚ್ಚೋಕೆ ಹೋದ್ರೆ ಸಿಪ್ಪೆ ಮೇಲೆ ಜಾರುತ್ತೆ, ಒತ್ತಿದ್ರೆ ಹಣ್ಣು ಅಪ್ಪಚ್ಚಿ. ಹೀಗೆ ಒತ್ತುವಾಗ ಅಮ್ಮನ ಕೈಗೆ ಎಲ್ಲಿ ತಾಗುತ್ತೋ ಅಂತ ನಿಜವಾಗ್ಲೂ ಭಯ. ಸೈಕಲ್ ಮೇಲೆ ಸಾಣೆ ಹಿಡಿಯೋರು ನಮ್ಮ ಬೀದಿಗೆ ಬರೋದು ನಿಂತೇಹೋಗಿದೆ.

ಪಿಂಗಾಣಿ ಕಪ್ಪಿನ ತಳದ ಒರಟು ಅಂಚಿಗೆ ಉಜ್ಜಿ ನೋಡಿದೆ. ಹರಿತ ಬರುತ್ತೆ, ಉಳಿಯಲ್ಲ. ಪಕ್ಕದ ಮನೆ ಅಕ್ಕನ ಹತ್ರ ಎಳೆಯೋ ಶಾರ್ಪನರ್ (ಸೀಳಿನೊಳಗೆ ಚಾಕು ಇಟ್ಟು ಎಳೆಯೋದು) ಇಸ್ಕೊಂಡು ಎಳೆದೆ. ಕೆಲಸ ಬೇಗ ಆಯ್ತು, ಆದ್ರೆ ಅದು ಲೋಹನ ಜಾಸ್ತಿ ಕೆರೆದು ಅಂಚನ್ನ ಒರಟು ಮಾಡುತ್ತೆ.

ಹಾಗಾಗಿ ಒಂದು ಕಡೆ 400, ಇನ್ನೊಂದು ಕಡೆ 1000 ಗ್ರಿಟ್ (ಸಂಖ್ಯೆ ಹೆಚ್ಚಾದಷ್ಟೂ ಕಲ್ಲು ನುಣುಪು) ಇರೋ ಸಾಣೆಕಲ್ಲು ತಗೊಳ್ಳೋ ಮನಸ್ಸಿದೆ. 15ರಿಂದ 20 ಡಿಗ್ರಿ ಕೋನದಲ್ಲಿ ಉಜ್ಜಬೇಕು ಅಂತ ಗೊತ್ತು. ನಮ್ಮ ಚಾಕು 4 ಸೆಂ.ಮೀ. ಅಗಲ, ಅಂದ್ರೆ 15 ಡಿಗ್ರಿಗೆ ಅದರ ಬೆನ್ನು ಕಲ್ಲಿಂದ ಸುಮಾರು 1 ಸೆಂ.ಮೀ. ಮೇಲಿರಬೇಕು. ನೇರ ಭಾಗದಲ್ಲಿ ಇದು ಸರಿ. ತುದಿ ಹತ್ರ ಅಂಚು ಬಾಗುತ್ತಲ್ಲ, ಅಲ್ಲಿ ಅದೇ ಕೋನ ಹೇಗೆ ಹಿಡಿಯೋದು ಅಂತಾನೇ ತಿಳೀತಿಲ್ಲ.

ಮನೇಲಿ ಕಲ್ಲು ಬಳಸೋರು ದಯವಿಟ್ಟು ಹೇಳಿ: ಸಾಧಾರಣ ಸ್ಟೀಲ್ ಚಾಕುಗೆ ಈ ಕಲ್ಲು ಸಾಕಾ, ಮತ್ತೆ ತುದಿ ಭಾಗ ಉಜ್ಜುವಾಗ ಹಿಡಿ ಎತ್ತಬೇಕಾ, ಬೇಡ್ವಾ?