ಶೇ. 3.6 ಮದ್ಯಾಂಶದ ಇಂಗ್ಲಿಷ್ ಪೇಲ್ ಏಲ್: ರುಚಿ ನೋಡುವ ಕ್ರಮ ಹೇಗೆ?

ಮುಳ್ಳಯ್ಯನಗಿರಿ ತಪ್ಪಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಸಮೀಪ ನಮ್ಮದೊಂದು ಅರೇಬಿಕಾ ತೋಟವಿದೆ. ಕೊಯ್ಲು ಮುಗಿದ ಮೇಲೆ ಹೊಸ ಕಾಫಿಯ ಕಪ್ಪಿಂಗ್ (ರುಚಿ ಪರೀಕ್ಷೆ) ನಡೆಸಲು ಸೇರುವ ಬೆಳೆಗಾರ ಸ್ನೇಹಿತರ ಸಣ್ಣ ಬಳಗವೂ ಇದೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಭಾವನವರು ಈಚೆಗೆ ಊರಿಗೆ ಬಂದಾಗ, ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ 2 ಲೀಟರ್ ಮಿತಿಗೆ ಸರಿಯಾಗಿ, 500 ಮಿಲಿಲೀಟರಿನ ನಾಲ್ಕು ಬಾಟಲಿ ಪೇಲ್ ಏಲ್ ಎಂಬ ಬಗೆಯ ಬಿಯರ್ ತಂದುಕೊಟ್ಟಿದ್ದಾರೆ. ಕೆಂಟ್ ಪ್ರಾಂತ್ಯದ ಸಣ್ಣ ಬ್ರೂವರಿಯೊಂದರದು. ಅಲ್ಲಿನ ಪಬ್‌ಗಳಲ್ಲಿ ಜನ ಬಿಟರ್ ಎಂದು ಕೇಳಿ ಪಡೆಯುವ ಬಗೆಯಂತೆ. ಮದ್ಯಾಂಶ ಶೇ. 3.6 ಮಾತ್ರ. ಲೇಬಲ್ಲಿನ ಮೇಲೆ ಮಾರಿಸ್ ಆಟರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಫಗಲ್ ಮತ್ತು ಗೋಲ್ಡಿಂಗ್ಸ್ ಹಾಪ್ಸ್ (ಕಹಿ ಮತ್ತು ಪರಿಮಳ ಕೊಡುವ ಹೂ) ಎಂದು ಬರೆದಿದೆ. ಬಾಟಲಿಯೊಳಗೇ ಇನ್ನೊಮ್ಮೆ ಹುದುಗಿದ್ದು ಎಂಬ ಒಕ್ಕಣೆಯೂ ಇದೆ. ಬೆಳಕಿಗೆ ಹಿಡಿದರೆ ತಳದಲ್ಲಿ ಬೂದುಬಣ್ಣದ ತೆಳುವಾದ ಗಸಿ ಕಾಣುತ್ತದೆ.

ನಮ್ಮ ಕಡೆ ಬಿಯರ್ ಎಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು, ಸ್ಟ್ರಾಂಗ್ ಆಗಿರಬೇಕು ಎಂಬುದೇ ರೂಢಿ. ಭಾವನವರು ಮಾತ್ರ ಇದನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿಯಬಾರದು ಎನ್ನುತ್ತಾರೆ. ಎಷ್ಟು ತಂಪಿರಬೇಕು ಎಂದು ಕೇಳಿದರೆ ಅವರಿಂದ ನಿಖರವಾದ ಉತ್ತರ ಸಿಗಲಿಲ್ಲ. ನಮ್ಮ ಬಳಗದವರೆಲ್ಲರೂ ಕಾಫಿಯಲ್ಲಿ ಪಳಗಿದ ನಾಲಿಗೆಯವರು, ಆದರೆ ಇಂಥ ಏಲ್ ಯಾರಿಗೂ ಪರಿಚಯವಿಲ್ಲ. ಇಷ್ಟು ಕಡಿಮೆ ಮದ್ಯಾಂಶದ ಪಾನೀಯದಲ್ಲಿ ಏನನ್ನು ಗಮನಿಸಬೇಕು, ಯಾವ ಕ್ರಮದಲ್ಲಿ ಗಮನಿಸಬೇಕು, ಗಸಿಯನ್ನು ಏನು ಮಾಡಬೇಕು ಎಂಬುದನ್ನು ತಿಳಿದವರು ತಿಳಿಸಿದರೆ ಉಪಕಾರವಾಗುತ್ತದೆ. ಸರಿಯಾಗಿ ನೋಡದೆ, ನೀರುನೀರಾಗಿದೆ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಸಕಲೇಶಪುರದವಳು

ನಿಮ್ಮ ಭಾವನವರ ಮಾತು ಸರಿಯಾಗಿದೆ, ಸರ್. ಕೆಲಸದ ನಿಮಿತ್ತ ನಾನು ಕೆಲವು ವರ್ಷ ಲೀಡ್ಸ್ ನಗರದಲ್ಲಿದ್ದೆ. ಅಲ್ಲಿಯ ಪಬ್‌ಗಳಲ್ಲಿ ಈ ಏಲ್ ಇರುವುದು ನೆಲಮಾಳಿಗೆಯ ಕಾಸ್ಕ್‌ನಲ್ಲಿ, ಅಂದರೆ ಪೀಪಾಯಿಯಲ್ಲಿ. ಸೋಸದೆ, ಪಾಶ್ಚರೀಕರಿಸದೆ ತುಂಬಿದ ಏಲ್‌ನಲ್ಲಿ ಯೀಸ್ಟ್ ಜೀವಂತವಾಗಿದ್ದು ಪೀಪಾಯಿಯೊಳಗೇ ಮತ್ತೊಮ್ಮೆ ಹುದುಗುತ್ತದೆ. ಅದನ್ನು ಕೌಂಟರಿನ ಮೇಲಿನ ಹಿಡಿಕೆಯನ್ನೆಳೆದು ಕೈಪಂಪಿನಿಂದ ಮೇಲೆತ್ತಿ 568 ಮಿಲಿಲೀಟರಿನ ಪಿಂಟ್ ಗ್ಲಾಸಿಗೆ ತುಂಬುತ್ತಾರೆ. ನೆಲಮಾಳಿಗೆಯನ್ನು 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡುತ್ತಾರೆ. ಒಮ್ಮೆ ತೆರೆದ ಪೀಪಾಯಿ ಮೂರು ದಿನಗಳಲ್ಲಿ ಖಾಲಿಯಾಗದಿದ್ದರೆ ಗಾಳಿ ಸೇರಿ ರುಚಿ ಕೆಡುತ್ತದೆ. 1971ರಲ್ಲಿ ಹುಟ್ಟಿದ ಕ್ಯಾಮ್ರಾ ಎಂಬ ಗ್ರಾಹಕರ ಸಂಘಟನೆ ಹೋರಾಡಿದ್ದು ಈ ಪದ್ಧತಿಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ. ಬಾಟಲಿಯದು ಕಾಸ್ಕ್‌ಗೆ ಸಮನಾಗದು, ಏಕೆಂದರೆ ಬಾಟಲಿಯಲ್ಲಿ ಅನಿಲ ಹೆಚ್ಚು. ಆದರೂ ತಳದಲ್ಲಿ ಗಸಿಯಿರುವ ಬಾಟಲಿಯೇ ಕಾಸ್ಕ್‌ಗೆ ಅತಿ ಹತ್ತಿರದ ರೂಪ. ನಿಮ್ಮ ಭಾವನವರು ಆಯ್ದು ತಂದಿದ್ದಾರೆ.

ಬಾಟಲಿಗಳನ್ನು ಎರಡು ದಿನ ಕತ್ತಲಿನ ತಂಪು ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ನಿಮ್ಮೂರಿನ ಚಳಿಗಾಲದ ರಾತ್ರಿಯಲ್ಲಿ ಮನೆಯ ಹಿಂದಿನ ಉಗ್ರಾಣವೇ ಸಾಕಾದೀತು. ಇಲ್ಲದಿದ್ದರೆ ಫ್ರಿಜ್ಜಿನಲ್ಲಿಟ್ಟು, ಕುಡಿಯುವುದಕ್ಕೆ ಅರ್ಧ ಗಂಟೆ ಮುಂಚೆ ಹೊರಗೆ ತೆಗೆಯಿರಿ. ಕಪ್ಪಿಂಗ್‌ಗೆ ಬಳಸುವ ಥರ್ಮಾಮೀಟರ್ ನಿಮ್ಮಲ್ಲಿರುತ್ತದೆ, ಗ್ಲಾಸಿನಲ್ಲಿ 12 ಡಿಗ್ರಿ ತೋರಿಸಿದರೆ ಆರಂಭಿಸಬಹುದು. ನಾಲ್ಕೈದು ಗ್ಲಾಸುಗಳಿಗೆ ಒಂದೊಂದಾಗಿ ಬಗ್ಗಿಸುತ್ತ ಹೋದರೆ ಪ್ರತಿ ಸಲವೂ ಬಾಟಲಿ ನೆಟ್ಟಗಾಗಿ ಗಸಿ ಕದಡುತ್ತದೆ. ಆದ್ದರಿಂದ ಮೊದಲು ಗಾಜಿನ ಜಗ್ಗಿಗೆ ಒಂದೇ ಸಮನೆ ಬಗ್ಗಿಸಿ, ಗಸಿಯ ಎಳೆ ಬಾಟಲಿಯ ಕುತ್ತಿಗೆಗೆ ಬರುತ್ತಿದ್ದಂತೆ ನಿಲ್ಲಿಸಿಬಿಡಿ. ಜಗ್ಗಿನಲ್ಲಿ ಒಂದಿಷ್ಟು ಅನಿಲ ಹೊರಟುಹೋಗುವುದೂ ಒಳ್ಳೆಯದೇ. ಯಾರ್ಕ್‌ಷೈರ್‌ನಲ್ಲಿ ಪಂಪಿನ ಮೂತಿಗೆ ಸಣ್ಣ ತೂತುಗಳ ಸ್ಪಾರ್ಕ್ಲರ್ ಸಿಕ್ಕಿಸಿ ಕೆನೆಗಟ್ಟಿದ ನೊರೆ ಬರಿಸುತ್ತಾರೆ. ನನಗೆ ಅದೇ ಇಷ್ಟ. ಬೇಕಿದ್ದರೆ ಜಗ್ಗಿನಿಂದ ಗ್ಲಾಸಿಗೆ ಸ್ವಲ್ಪ ಎತ್ತರದಿಂದ ಸುರಿಯಿರಿ.

ಹೇಮಾವತಿ ದಂಡೆ

ಊರು ಹಾಸನ, ಉದ್ಯೋಗ ಬೆಂಗಳೂರಿನ ಮೈಕ್ರೋಬ್ರೂವರಿಯೊಂದರಲ್ಲಿ ಏಲ್ ತಯಾರಿಸುವುದು. ಮೇಡಂ ಹೇಳಿದ್ದರಲ್ಲಿ ಎತ್ತರದಿಂದ ಸುರಿಯುವ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಒಪ್ಪುತ್ತೇನೆ. ಇದು ಕೆಂಟ್‌ನ ಏಲ್. ದಕ್ಷಿಣ ಇಂಗ್ಲೆಂಡಿನಲ್ಲಿ ಸ್ಪಾರ್ಕ್ಲರ್ ಬಳಕೆ ವಿರಳ, ಅದಕ್ಕೆ ಕಾರಣವೂ ಇದೆ: ಗೋಲ್ಡಿಂಗ್ಸ್ ಹಾಪ್ಸ್‌ನ ನವುರಾದ ಹೂವಿನ ಪರಿಮಳ ನೊರೆಯೊಂದಿಗೆ ಎದ್ದುಹೋಗಿ, ಗ್ಲಾಸಿನಲ್ಲಿ ಉಳಿಯುವ ಏಲ್ ಮೆತ್ತಗಾಗುತ್ತದೆ. ರುಚಿ ನೋಡುವುದೇ ಉದ್ದೇಶವಾದಾಗ ಗ್ಲಾಸನ್ನು ಓರೆಯಾಗಿ ಹಿಡಿದು ಅಂಚಿನ ಮೇಲೆ ಇಳಿಬಿಡುವುದು ಉತ್ತಮ.

ಈಗ ಮದ್ಯಾಂಶದ ಪ್ರಶ್ನೆ. ನಿಮ್ಮ 500 ಮಿಲಿಲೀಟರಿನ ಬಾಟಲಿಯಲ್ಲಿರುವ ಶುದ್ಧ ಮದ್ಯ 18 ಮಿಲಿಲೀಟರ್; ನಮ್ಮಲ್ಲಿ ಮಾರಾಟವಾಗುವ ಶೇ. 8ರ 650 ಮಿಲಿಲೀಟರಿನ ಸ್ಟ್ರಾಂಗ್ ಬಿಯರಿನಲ್ಲಿ ಅದು 52 ಮಿಲಿಲೀಟರ್. ಮದ್ಯವು ಅಮಲನ್ನಷ್ಟೇ ತರುವುದಿಲ್ಲ. ನಾಲಿಗೆಯ ಮೇಲೆ ಒಂದು ಬಗೆಯ ಸಿಹಿಯನ್ನೂ ಮೈತುಂಬಿದ ಭಾವವನ್ನೂ ಕೊಡುತ್ತದೆ, ಜೊತೆಗೆ ಎಷ್ಟೋ ದೋಷಗಳನ್ನು ಮುಚ್ಚಿಹಾಕುತ್ತದೆ. ಆ ಆಸರೆ ಇಲ್ಲದಿರುವುದರಿಂದಲೇ ಶೇ. 3.6ರ ಏಲ್ ಮಾಡುವುದು ಕಷ್ಟದ ಕೆಲಸ. ನೆನೆಸಿದ ಮಾಲ್ಟನ್ನು 67–68 ಡಿಗ್ರಿಯಷ್ಟು ಬಿಸಿಯಲ್ಲಿಟ್ಟರೆ ಯೀಸ್ಟ್ ತಿನ್ನಲಾಗದ, ಪಿಷ್ಟದ ತುಣುಕುಗಳಾದ ಡೆಕ್ಸ್‌ಟ್ರಿನ್‌ಗಳು ಹೆಚ್ಚು ಉಳಿದು ಮೈ ಕೊಡುತ್ತವೆ. ಇನ್ನೂ ಕಡಿಮೆ ಬಿಸಿಯಲ್ಲಿಟ್ಟರೆ ಸಕ್ಕರೆಯೆಲ್ಲ ಹುದುಗಿ ಏಲ್ ಬರಡಾಗುತ್ತದೆ. ಈ ಬಗೆಯ ಬಿಟರ್‌ನ ಆರಂಭದ ಸಾಂದ್ರತೆ (ಹುದುಗುವ ಮುಂಚೆ ಕರಗಿರುವ ಸಕ್ಕರೆಯ ಅಳತೆ; ನೀರಿಗೆ 1.000) ಸಾಮಾನ್ಯವಾಗಿ 1.030ರಿಂದ 1.039, ಕಹಿಯ ಅಳತೆ 25ರಿಂದ 35 ಐಬಿಯು. ಅಂಕಿ ಸಣ್ಣದೆನಿಸಿದರೂ ಇಷ್ಟು ಹಗುರವಾದ ಮೈಯ ಮೇಲೆ ಆ ಕಹಿ ಸ್ಪಷ್ಟವಾಗಿ ಎದ್ದು ನಿಲ್ಲುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಹೊಣೆಯೆಲ್ಲ ಮಾಲ್ಟ್‌ನದು.

ಮಾರಿಸ್ ಆಟರ್ ಇಲ್ಲಿ ಮುಖ್ಯವಾಗುವುದು ಅದಕ್ಕೇ. 1960ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ರೂಪುಗೊಂಡ ಈ ಬಾರ್ಲಿ ತಳಿಗಿಂತ ಹೆಚ್ಚು ಇಳುವರಿ ಕೊಡುವ ತಳಿಗಳು ಬಂದು ಎಷ್ಟೋ ಕಾಲವಾಯಿತು. ಆದರೂ ಬಿಸ್ಕತ್ತಿನ, ಕೆಂಪಗೆ ಸುಟ್ಟ ಬ್ರೆಡ್ಡಿನ ರುಚಿಗಾಗಿ ಬ್ರೂವರ್‌ಗಳು ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರೆ. ಬಾಳೆಹೊನ್ನೂರಿನ ಎಸ್.795 ಕಾಫಿ ತಳಿಯನ್ನು ಕಪ್ಪಿನ ಗುಣಕ್ಕಾಗಿ ಇಂದಿಗೂ ಉಳಿಸಿಕೊಂಡಿರುವ ನಿಮ್ಮಂಥ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫಗಲ್‌ನಿಂದ ಒದ್ದೆ ಮಣ್ಣು ಮತ್ತು ಮರದ ವಾಸನೆ, ಗೋಲ್ಡಿಂಗ್ಸ್‌ನಿಂದ ಹೂವು, ಜೇನು, ಸ್ವಲ್ಪ ಮಸಾಲೆಯ ಘಮ ಬರಬೇಕು. ಅಮೆರಿಕನ್ ಹಾಪ್ಸ್‌ನ ಮಾವು, ಚಕ್ಕೋತದ ಆರ್ಭಟವನ್ನು ನಿರೀಕ್ಷಿಸಬೇಡಿ. ಯೀಸ್ಟ್ ಕೊಡುವ ಹಣ್ಣಿನ ಛಾಯೆ ಇವೆಲ್ಲದರ ಹಿಂದೆ ಮೆಲ್ಲಗೆ ಇರುತ್ತದೆ.

ಇತಿಹಾಸದ ಒಂದು ಮಾತು. ಹತ್ತೊಂಬತ್ತನೆಯ ಶತಮಾನದ ಪೇಲ್ ಏಲ್‌ಗಳು ಇದಕ್ಕಿಂತ ಬಲವಾಗಿದ್ದವು. ಮೊದಲನೆಯ ಮಹಾಯುದ್ಧದ ಕಾಲದ ಧಾನ್ಯದ ನಿರ್ಬಂಧ ಮತ್ತು ಸುಂಕದಿಂದ ಸಾಂದ್ರತೆ ಕುಸಿಯಿತು, ಮತ್ತೆ ಮೊದಲಿನ ಮಟ್ಟಕ್ಕೆ ಏರಲಿಲ್ಲ. 2023ರ ಆಗಸ್ಟ್‌ನಿಂದ ಬ್ರಿಟನ್ನಿನಲ್ಲಿ ಶೇ. 3.5ಕ್ಕಿಂತ ಕಡಿಮೆ ಮದ್ಯಾಂಶದ ಬಿಯರಿಗೆ ಸುಂಕ ಇಳಿದಿದ್ದರಿಂದ ಹಲವು ಬ್ರೂವರಿಗಳು ತಮ್ಮ ಬಿಯರನ್ನು ಶೇ. 3.4ಕ್ಕೆ ತಂದಿವೆ. ನಿಮ್ಮ ಬ್ರೂವರಿ ಆ ಗೆರೆಗಿಂತ ಮೇಲೆಯೇ ನಿಂತಿರುವುದನ್ನು ನೋಡಿದರೆ, ರುಚಿಯ ಲೆಕ್ಕಾಚಾರಕ್ಕೇ ಮೊದಲ ಸ್ಥಾನ ಕೊಟ್ಟಿದೆ ಎಂದು ನನಗನ್ನಿಸುತ್ತದೆ.

ಬೇಲೂರು ರಸ್ತೆ

ನಾನು ಕಾಫಿ ಕಪ್ಪಿಂಗ್ ಮಾಡುವವನು, ಪೇಲ್ ಏಲನ್ನು ಬೇರೆ ಊರುಗಳಲ್ಲಿ ಆಸಕ್ತಿಯಿಂದ ಕುಡಿದಿದ್ದೇನೆ. ಆ ಅನುಭವದ ಮೇಲೆ ಎರಡು ಮಾತು ಸೇರಿಸುತ್ತೇನೆ.

ಕಪ್ಪಿಂಗ್‌ನಲ್ಲಿ ಬಟ್ಟಲು ಆರುತ್ತ ಬಂದಂತೆ ಕಾಫಿಯ ಗುಣದೋಷಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ನಾವೆಲ್ಲ ಬಲ್ಲೆವು. ಈ ಏಲ್ ಬೆಚ್ಚಗಾಗುತ್ತ ಬಂದಂತೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ 12 ಡಿಗ್ರಿಯಲ್ಲಿ ಒಮ್ಮೆ, 14ರ ಸುಮಾರಿಗೆ ಒಮ್ಮೆ, 16ರಲ್ಲಿ ಮತ್ತೊಮ್ಮೆ ಬರೆದುಕೊಳ್ಳಿ. ಆದರೆ ಕಪ್ಪಿಂಗ್‌ನ ಒಂದು ಅಭ್ಯಾಸವನ್ನು ಮಾತ್ರ ಹೊರಗಿಡಬೇಕು: ಚಮಚದಿಂದ ಸೊರ್ರೆಂದು ಎಳೆದು ಉಗಿಯುವುದು ಇಲ್ಲಿ ನಡೆಯುವುದಿಲ್ಲ. ಹಾಪ್ಸ್‌ನ ಕಹಿ ಪೂರ್ತಿಯಾಗಿ ನುಂಗಿದ ನಂತರವೇ ತಿಳಿಯುವಂಥದ್ದು. ಆ ಕಹಿ ಎಷ್ಟು ಹೊತ್ತು ನಿಲ್ಲುತ್ತದೆ, ಒಣಗಿಸಿ ಬಿಡುತ್ತದೆಯೋ ಒಗರಾಗಿ ಅಂಟಿಕೊಳ್ಳುತ್ತದೆಯೋ ಎಂಬುದರಲ್ಲೇ ಬಿಟರ್‌ನ ಯೋಗ್ಯತೆ ಇದೆ. ಅಲ್ಲದೆ ಇದು ಮಾತುಕತೆಯ ನಡುವೆ ಪಿಂಟ್‌ಗಟ್ಟಲೆ ಕುಡಿಯಲೆಂದು ರೂಪಿಸಿದ ಪಾನೀಯ. ಮೊದಲ ಗುಟುಕಿನಲ್ಲೇ ಎಲ್ಲವನ್ನೂ ಒಪ್ಪಿಸುವ ಸ್ವಭಾವ ಅದಕ್ಕಿಲ್ಲ. ನಾಲ್ಕೈದು ಜನರಿಗೆ ಒಂದು ಬಾಟಲಿ ಹಂಚಿದರೆ ಪ್ರತಿಯೊಬ್ಬರಿಗೂ 100 ಮಿಲಿಲೀಟರ್ ಸುಮಾರು ಸಿಗುತ್ತದೆ. ಅಷ್ಟರಲ್ಲಿ ತೀರ್ಪು ಕೊಡುವುದು ಅನ್ಯಾಯ. ಎರಡು ಬಾಟಲಿ ತೆರೆಯಿರಿ ಎಂಬುದು ನನ್ನ ಸಲಹೆ.

ತಿನ್ನಲು ಉಪ್ಪು ಹಾಕಿ ಹುರಿದ ಕಡಲೆಕಾಯಿ ಬೀಜ ಸಾಕು, ಚೆಡ್ಡರ್ ಚೀಸ್ ಸಿಕ್ಕಿದರೆ ಇನ್ನೂ ಒಳ್ಳೆಯದು. ನಮ್ಮ ಮಲೆನಾಡಿನ ಹಂದಿ ಮಾಂಸದ ಹುರುಕಲು ಇದರೊಂದಿಗೆ ಸೊಗಸಾದೀತು ಎಂದು ಅನ್ನಿಸುವುದು ಸಹಜ, ಆದರೆ ಕಾಳುಮೆಣಸಿನ ಖಾರ ಇಷ್ಟು ಸೂಕ್ಷ್ಮವಾದ ಮಾಲ್ಟನ್ನು ಅಳಿಸಿಹಾಕುತ್ತದೆ. ಅದನ್ನು ಆಮೇಲೆ ಬಡಿಸಿ.

ಮುಳ್ಳಯ್ಯನಗಿರಿ ತಪ್ಪಲು

ಮೂವರಿಗೂ ಕೃತಜ್ಞತೆಗಳು. ನೀವು ಹೇಳಿದ ಕ್ರಮದಲ್ಲಿಯೇ ಎರಡು ಬಾಟಲಿ ತೆರೆದೆವು. ಜಗ್ಗಿಗೆ ಇಳಿದ ಏಲ್ ತಿಳಿಯಾದ ತಾಮ್ರದ ಬಣ್ಣಕ್ಕಿತ್ತು. ನೊರೆ ಬೇಗ ಇಳಿದು ಗ್ಲಾಸಿನ ಒಳಮೈಯಲ್ಲಿ ಉಂಗುರ ಉಂಗುರವಾಗಿ ಅಂಟಿಕೊಂಡಿತು. 12 ಡಿಗ್ರಿಯಲ್ಲಿ ಬ್ರೆಡ್ಡಿನ ಅಂಚಿನ ರುಚಿ ಮತ್ತು ಶುದ್ಧವಾದ ಕಹಿ, ಅಷ್ಟೇ. 15ರ ಹತ್ತಿರ ಬಂದಾಗ ಕಿತ್ತಳೆ ಸಿಪ್ಪೆಯ ಘಮ ಎದ್ದಿತು, ಅದರ ಹಿಂದೆ ಟಾಫಿಯ ಸಿಹಿಯೂ ಕಾಣಿಸಿತು. ಗ್ಲಾಸು ಅರ್ಧಕ್ಕಿಳಿದ ಮೇಲೆ ಕಹಿ ಹಿತವಾಗಿ, ಪ್ರತಿ ಗುಟುಕಿನ ಕೊನೆಯಲ್ಲಿ ನಾಲಿಗೆಯನ್ನು ಒಣಗಿಸಿ ಮುಂದಿನ ಗುಟುಕನ್ನು ತಾನಾಗಿ ಕೇಳುವಂತಾಯಿತು. ಬಳಗದ ಹಿರಿಯರೊಬ್ಬರು ಮಾತ್ರ ಪರಿಮಳ ಚೆನ್ನಾಗಿದೆ, ಮೈ ಸಾಲದು ಎಂಬ ಅಭಿಪ್ರಾಯವನ್ನು ಕೊನೆಯವರೆಗೂ ಬಿಡಲಿಲ್ಲ.

ಒಂದು ಸಂದೇಹ ಉಳಿದಿದೆ. ಮುಚ್ಚಳ ತೆಗೆದ ಕೂಡಲೇ ಗೀರಿದ ಬೆಂಕಿಕಡ್ಡಿಯ ವಾಸನೆ ಬಂದು, ಕೆಲವು ನಿಮಿಷಗಳಲ್ಲಿ ಮಾಯವಾಯಿತು. ಅದು ದೋಷವೇ?

ಹೇಮಾವತಿ ದಂಡೆ

ಮಾಯವಾಯಿತು ಎಂದಮೇಲೆ ಚಿಂತೆಯಿಲ್ಲ. ಬಾಟಲಿಯಲ್ಲಿ ಹುದುಗುವಾಗ ಯೀಸ್ಟ್ ಬಿಡುವ ಗಂಧಕದ ಅಂಶ ಅದು. ಇಂಗ್ಲೆಂಡಿನ ಬರ್ಟನ್ ಅಪಾನ್ ಟ್ರೆಂಟ್ ಪಟ್ಟಣದ ನೀರಿನಲ್ಲಿ ಗಂಧಕದ ಅಂಶವಿರುವ ಜಿಪ್ಸಂ ಖನಿಜ ಹೇರಳವಾಗಿರುವುದರಿಂದ ಅಲ್ಲಿನ ಪೇಲ್ ಏಲ್‌ಗಳಲ್ಲಿ ಈ ವಾಸನೆಯನ್ನು ಗುಣವೆಂದೇ ಎಣಿಸುತ್ತಾರೆ. ಕಹಿಗೆ ಚುರುಕು ಬರಲೆಂದು ಬೇರೆ ಊರಿನ ಬ್ರೂವರ್‌ಗಳೂ ತಮ್ಮ ನೀರಿಗೆ ಜಿಪ್ಸಂ ಸೇರಿಸುತ್ತಾರೆ. ವಾಸನೆ ಹೋಗದೆ ಉಳಿದು ನಾರಿದರೆ, ಅದು ಬಾಟಲಿಗೆ ಬೆಳಕು ಬಿದ್ದು ಹಾಪ್ಸ್ ಕೆಟ್ಟಿರುವುದರ ಲಕ್ಷಣ. ಒದ್ದೆ ರಟ್ಟಿನ ವಾಸನೆ ಬಂದರೆ ಏಲ್ ಹಳತಾಗಿದೆ ಎಂದರ್ಥ.

ನಿಮ್ಮ ಹಿರಿಯರ ಮಾತನ್ನು ತಳ್ಳಿಹಾಕಬೇಡಿ, ಮೈ ಹಗುರವಾಗಿರುವುದು ನಿಜ. ಆದರೆ ಅದು ಹಗುರವೋ ಪೊಳ್ಳೋ ಎಂಬುದನ್ನು ಅವರೇ ಪರೀಕ್ಷಿಸಲು ಒಂದು ದಾರಿಯಿದೆ. ಉಳಿದಿರುವ ಎರಡು ಬಾಟಲಿಗಳಲ್ಲಿ ಒಂದನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ 5 ಡಿಗ್ರಿಯಲ್ಲಿ, ಇನ್ನೊಂದನ್ನು 13 ಡಿಗ್ರಿಯಲ್ಲಿ, ಯಾವುದು ಯಾವುದೆಂದು ಹೇಳದೆ ಅಕ್ಕಪಕ್ಕದಲ್ಲಿಡಿ. ಗ್ಲಾಸು ಮುಟ್ಟಿದರೆ ತಂಪು ತಿಳಿಯುತ್ತದಾದರೂ, ಯಾವುದರಲ್ಲಿ ಮಾಲ್ಟ್ ಕಾಣುತ್ತದೆ ಎಂಬುದಕ್ಕೆ ಉತ್ತರ ನಾಲಿಗೆಯಿಂದಲೇ ಬರಬೇಕು. ತಳದ ಗಸಿಯನ್ನು ಸಣ್ಣ ಲೋಟಕ್ಕೆ ಬೇರೆಯಾಗಿ ಸುರಿದು ಅದನ್ನೂ ನೋಡಿ; ಹಸಿ ಹಿಟ್ಟಿನ, ಸ್ವಲ್ಪ ಕಹಿಯಾದ ಆ ರುಚಿ ತಿಳಿದಿದ್ದರೆ, ಮುಂದೆ ಯಾವುದೇ ಗ್ಲಾಸಿನಲ್ಲಿ ಯೀಸ್ಟ್ ಕದಡಿರುವುದನ್ನು ಕೂಡಲೇ ಗುರುತಿಸಬಹುದು. ಇಷ್ಟು ಕಡಿಮೆ ಮದ್ಯಾಂಶದ ಏಲ್ ಹೆಚ್ಚು ಕಾಲ ತಾಳುವುದಿಲ್ಲ, ಮೊದಲು ಹೋಗುವುದೇ ಗೋಲ್ಡಿಂಗ್ಸ್‌ನ ಪರಿಮಳ. ಬಿಸಿಲು ಏರುವ ಮುನ್ನ ಎರಡನ್ನೂ ತೆರೆದುಬಿಡಿ.