ಅಪ್ಪನ ಇನ್ಸುಲಿನ್ ಅಮೆರಿಕಕ್ಕೆ ಎಷ್ಟು ಒಯ್ಯಬೇಕು? ಅನುಭವ ಇದ್ದವರು ಹೇಳಿ

ಜಮಖಂಡಿಯಿಂದ ಕೇಳುತ್ತಿರುವುದು:
ನಮಸ್ಕಾರ ರೀ. ಅಪ್ಪ ಅವ್ವ ಮುಂದಿನ ತಿಂಗಳು ಟೆಕ್ಸಾಸ್‌ಗೆ ಅಣ್ಣನ ಮನೆಗೆ ಹೊರಟಿದ್ದಾರೆ, 5 ತಿಂಗಳು ಇರುತ್ತಾರೆ. ಅಪ್ಪನಿಗೆ 14 ವರ್ಷದಿಂದ ಶುಗರ್. ಬೆಳಗ್ಗೆ 20, ರಾತ್ರಿ 14 ಯೂನಿಟ್ 30/70 ಇನ್ಸುಲಿನ್ (ಬೇಗ ಕೆಲಸ ಮಾಡುವುದು 30, ನಿಧಾನದ್ದು 70 ಪಾಲು ಬೆರೆಸಿದ್ದು), ಜೊತೆಗೆ ಮೆಟ್‌ಫಾರ್ಮಿನ್ ಗುಳಿಗೆ. ಇಲ್ಲಿ ಇನ್ಸುಲಿನ್ ಬಾಟಲಿಗೆ ಸುಮಾರು 150 ರೂಪಾಯಿ ಕೊಡುತ್ತೇವೆ. ಅಲ್ಲಿ ಒಂದು ಬಾಟಲಿಗೆ ಇಪ್ಪತ್ತು ಸಾವಿರ ಅಂತ ಯಾರೋ ಹೆದರಿಸಿದ್ದಾರೆ, ಅಪ್ಪ ಈಗ "ನಾ ಬರೂದಿಲ್ಲ, ನೀವ ಹೋಗ್ರಿ" ಅಂತ ಕುಳಿತಿದ್ದಾರೆ. ಅಮೆರಿಕ ಅಷ್ಟೇ ಅಲ್ಲ, ಬೇರೆ ದೇಶದಲ್ಲಿ ಇರುವವರೂ ಹೇಳಿ. ಅಕ್ಕ ಲಂಡನ್ನಿಗೂ ಕರೆಯುತ್ತಿದ್ದಾಳೆ.

ಬೆಳಗಾವಿಯಿಂದ:
ತಂಗಿ, ಇಪ್ಪತ್ತು ಸಾವಿರ ಅಂದವರು ಪೂರ್ತಿ ಸುಳ್ಳು ಹೇಳಿಲ್ಲ. ಹ್ಯೂಮಲಾಗ್‌ನಂಥ ಹೊಸ ಬಗೆಯ ಇನ್ಸುಲಿನ್ 2023ಕ್ಕೆ ಮುಂಚೆ ಅಲ್ಲಿ ಬಾಟಲಿಗೆ 275 ಡಾಲರ್ ಸುಮಾರು ಇತ್ತು. ಆ ವರ್ಷ ಲಿಲ್ಲಿ, ನೊವೊ, ಸನೋಫಿ ಮೂರೂ ಕಂಪನಿಗಳು ದರ ಇಳಿಸುವುದಾಗಿ ಹೇಳಿದವು. ತಿಂಗಳಿಗೆ 35 ಡಾಲರ್ ಮೀರಬಾರದು ಅಂತ ಓದಿರುತ್ತೀಯಲ್ಲ, ಅದು ಅಲ್ಲಿಯ ಸರ್ಕಾರಿ ವಿಮೆ ಮೆಡಿಕೇರ್‌ನಲ್ಲಿರುವ ಹಿರಿಯರಿಗೆ, ನಮ್ಮಂಥ ಬಂದು ಹೋಗುವವರಿಗಲ್ಲ. ಆದರೆ ನಿಮ್ಮ ಅಪ್ಪನದು ಹಳೇ ಬಗೆಯ ಹ್ಯೂಮನ್ ಇನ್ಸುಲಿನ್. ಅದು ವಾಲ್‌ಮಾರ್ಟ್‌ನಲ್ಲಿ ಸುಮಾರು 25 ಡಾಲರ್‌ಗೆ ಸಿಗುತ್ತದೆ, ಹೆಚ್ಚಿನ ರಾಜ್ಯಗಳಲ್ಲಿ ಡಾಕ್ಟರ ಚೀಟಿ ಕೂಡ ಕೇಳುವುದಿಲ್ಲ.

ನನಗೆ ಇದು ಗೊತ್ತಾದದ್ದು ಹೇಗೆ ಅಂದರೆ, ಎರಡು ವರ್ಷದ ಹಿಂದೆ ಮಗಳ ಮನೆಯಲ್ಲಿ ಇದ್ದಾಗ ಫ್ರಿಜ್‌ನಿಂದ ತೆಗೆಯುವಾಗ ಡಬ್ಬಿ ಕೈಜಾರಿ ನನ್ನ ಹೆಂಡತಿಯ ಬಾಟಲಿಗಳೆಲ್ಲ ಒಡೆದವು. ಅಡುಗೆಮನೆ ತುಂಬ ದವಾಖಾನೆ ವಾಸನೆ. ಅವತ್ತೇ ಸಂಜೆ ಓಡಿ ಹೋಗಿ ತಂದೆವು. ಡಬ್ಬಿ ಮೇಲೆ 70/30 ಅಂತ ಇತ್ತು, ಉಲ್ಟಾ ಕೊಟ್ಟಿದ್ದಾರೆ ಅಂತ ನಾನು ವಾಪಸ್ ಮಾಡಲು ನಿಂತೆ. ಅದು ಉಲ್ಟಾ ಅಲ್ಲ. ನಾವು 30/70 ಅನ್ನುವುದನ್ನೇ ಅವರು 70/30 ಅಂತ ಬರೆಯುತ್ತಾರೆ, ಒಳಗಿನ ಮಿಶ್ರಣ ಒಂದೇ.

ನಾನು ಗಮನಿಸದೇ ಇದ್ದದ್ದು ಇನ್ನೊಂದು. ನಮ್ಮ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಅಲ್ಲಿಯದರಲ್ಲಿ 100. ಹಳೇ ಸಿರಿಂಜ್‌ಗಳು ಉಳಿದಿದ್ದವಲ್ಲ, ಕೆಂಪು ಮುಚ್ಚಳದವು, ಅದರಲ್ಲೇ ಹೆಂಡತಿ ಎಂದಿನಂತೆ 20ರ ಗೆರೆವರೆಗೆ ಎಳೆದಳು. ಮಗಳು ನೋಡಿ ಕೈ ಹಿಡಿದಳು. ಹಾಗೇ ಚುಚ್ಚಿಕೊಂಡಿದ್ದರೆ 20 ಅಲ್ಲ, 50 ಯೂನಿಟ್ ಒಳಗೆ ಹೋಗುತ್ತಿತ್ತು. ಅಲ್ಲಿಯ ಬಾಟಲಿಗೆ ಕಿತ್ತಳೆ ಮುಚ್ಚಳದ ಯು-100 ಸಿರಿಂಜೇ ಬೇಕು. ದಯವಿಟ್ಟು ಇದನ್ನು ಅಣ್ಣನಿಗೂ ಹೇಳು, ಅಪ್ಪನಿಗೂ ತೋರಿಸು. ರೇಟ್ ಹೋಲಿಸುವಾಗಲೂ ಇದೇ ಲೆಕ್ಕ ಇಟ್ಟುಕೊ. ನಮ್ಮ 10 ಎಂಎಲ್ ಬಾಟಲಿಯಲ್ಲಿ 400 ಯೂನಿಟ್, ಅವರದರಲ್ಲಿ 1,000. ಹಾಗೆ ನೋಡಿದರೂ ಅಲ್ಲಿ ಐದಾರು ಪಟ್ಟು ಜಾಸ್ತಿಯೇ, ಆದರೆ ಅಪ್ಪ ಪ್ರಯಾಣ ಬಿಡುವಷ್ಟು ಅಲ್ಲ.

ಬರ್ಮಿಂಗ್‌ಹ್ಯಾಮ್‌ನಿಂದ, ಊರು ವಿಜಯಪುರ:
ಲಂಡನ್ ವಿಷಯ ನಾನು ಹೇಳುತ್ತೇನೆ. ಇಂಗ್ಲೆಂಡ್‌ನಲ್ಲಿ ಚೀಟಿಯ ಒಂದೊಂದು ಔಷಧಿಗೆ 9.90 ಪೌಂಡ್, ಆದರೆ ಶುಗರ್‌ಗೆ ಔಷಧಿ ತಗೊಳ್ಳುವವರಿಗೆ ವಿನಾಯಿತಿ ಇದೆ. ಬರೀ ಊಟದ ಪಥ್ಯದಲ್ಲೇ ಇರುವವರಿಗೆ ಇಲ್ಲ. ಎಫ್‌ಪಿ92ಎ ಅನ್ನುವ ಫಾರ್ಮ್ ಡಾಕ್ಟರ ಹತ್ತಿರ ತುಂಬಿಸಬೇಕು. ನನಗೆ ಯಾರೂ ಹೇಳಲಿಲ್ಲ, ಏಳು ತಿಂಗಳು ಸುಮ್ನೆ ದುಡ್ಡು ಕೊಟ್ಟೆ. ಕೊಡುವಾಗಲೇ ಎಫ್‌ಪಿ57 ರಸೀದಿ ಕೇಳಿದ್ದರೆ ವಾಪಸ್ ಸಿಗುತ್ತಿತ್ತು, ಆಮೇಲೆ ಕೇಳಿದರೆ ಕೊಡುವುದಿಲ್ಲ. ಸ್ಕಾಟ್‌ಲೆಂಡ್, ವೇಲ್ಸ್‌ನಲ್ಲಿ ಚೀಟಿ ಔಷಧಿ ಎಲ್ಲರಿಗೂ ಉಚಿತ. ಹಾಗಂತ ಪುಕ್ಕಟೆ ಅಂತಲೂ ಅಲ್ಲ, ವೀಸಾ ಮಾಡಿಸುವಾಗ ವರ್ಷಕ್ಕೆ 1,035 ಪೌಂಡ್ ಆರೋಗ್ಯದ ಶುಲ್ಕ ಮೊದಲೇ ಕಟ್ಟಿದ್ದೇನೆ. ಇದೆಲ್ಲ ಇಲ್ಲೇ ವಾಸ ಇರುವವರ ಮಾತು. ಬಂದು ಹೋಗುವ ಅಪ್ಪ ಅವ್ವ ಊರಿಂದಲೇ ತರುವುದು ಒಳ್ಳೆಯದು.

ಇನ್ನೊಂದು, ಶುಗರ್ ನೋಡುವ ಮೀಟರ್. ಅವ್ವ ಬಂದಾಗ ನನ್ನ ಮೀಟರ್‌ನಲ್ಲಿ ನೋಡಿದರೆ 9.8. ಶುಗರ್ ಪೂರ್ತಿ ಇಳಿದಿದೆ ಅಂತ ಅವ್ವ ಗಾಬರಿಯಾಗಿ ಸಕ್ಕರೆ ಡಬ್ಬಿಗೆ ಕೈ ಹಾಕಿದಳು! ಇಲ್ಲಿಯ ಅಳತೆ ಬೇರೆ, 18ರಿಂದ ಗುಣಿಸಿದರೆ ನಮ್ಮ ಲೆಕ್ಕ ಬರುತ್ತದೆ, ಅಂದರೆ 176. ಅಮೆರಿಕದಲ್ಲಿ ನಮ್ಮ ಲೆಕ್ಕವೇ ಇದೆ.

ಗೋಕಾಕದಿಂದ, ಮೆಡಿಕಲ್ ಅಂಗಡಿ:
ಅಕ್ಕಾರೆ, ಅಮೆರಿಕಕ್ಕೆ ಸ್ವಂತಕ್ಕೆ ಸಾಮಾನ್ಯವಾಗಿ 90 ದಿನದ ಔಷಧಿ ಒಯ್ಯಬಹುದು. ಅಪ್ಪನಿಗೆ ದಿನಕ್ಕೆ 34 ಯೂನಿಟ್, 90 ದಿನಕ್ಕೆ 3,060, ಅಂದರೆ 8 ಬಾಟಲಿ. ಸಿರಿಂಜ್ ಕೆಂಪು ಮುಚ್ಚಳದವು 180. ಉಳಿದ ಎರಡು ತಿಂಗಳಿಗೆ ಅಲ್ಲಿ ತಗೊಳ್ಳಿ, ಆಗ ಸಿರಿಂಜೂ ಅಲ್ಲಿಯದೇ. ಚೀಟಿಯಲ್ಲಿ ಕಂಪನಿ ಹೆಸರಷ್ಟೇ ಅಲ್ಲ, ಔಷಧಿಯ ಹೆಸರನ್ನೂ ಬರೆಸಿ. ನಮ್ಮ ಕಂಪನಿ ಹೆಸರು ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಮೆಟ್‌ಫಾರ್ಮಿನ್ ಜನೌಷಧಿಯಲ್ಲಿ ಬಹಳ ಅಗ್ಗ. ಸ್ಟ್ರಿಪ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ, ಇಲ್ಲೇ ತಗೊಂಡು ಹೋಗಿ. ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಗುಳಿಗೆ ತಗೊಳ್ಳುವವರು ಯಾರಾದರೂ ಓದುತ್ತಿದ್ದರೆ: 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್ ಮುಗಿಯಿತು. 60 ರೂಪಾಯಿ ಆಸುಪಾಸು ಇದ್ದ ಗುಳಿಗೆ ಈಗ ಬೇರೆ ಕಂಪನಿಯದು ಅದರ ಕಾಲು ಭಾಗಕ್ಕಿಂತ ಕಡಿಮೆಗೂ ಸಿಗುತ್ತಿದೆ. ಹಳೇ ಚೀಟಿ ಹಿಡಿದು ಹಳೇ ರೇಟ್ ಕೊಡುವವರನ್ನು ಇನ್ನೂ ನೋಡುತ್ತೇನೆ, ಬೇಜಾರಾಗುತ್ತದೆ. ಡಾಕ್ಟರನ್ನು ಒಮ್ಮೆ ಕೇಳಿ.

ದಮ್ಮಾಮ್‌ನಿಂದ, ಊರು ಸಿಂದಗಿ:
ನಮಗೆ ಕಂಪನಿ ಇನ್ಶೂರೆನ್ಸ್ ಇದೆ, ರೇಟಿನ ಚಿಂತೆ ಇಲ್ಲ. ಒಂದೇ ಮಾತು. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ನಾನು ಒಮ್ಮೆ ಹಾಕಿದ್ದೆ. ಇಳಿದು ಬಾಟಲಿ ಅಂಗೈಯಲ್ಲಿ ಹೊರಳಿಸಿದರೆ ಹಾಲಿನಂತೆ ಆಗಲಿಲ್ಲ, ಒಡೆದ ಹಾಲಿನ ಹಾಗೆ ಬಿಳಿ ಚೂರು ತೇಲುತ್ತಿದ್ದವು. ಮೇಲೆ ಚಳಿಗೆ ಹೆಪ್ಪುಗಟ್ಟಿತ್ತು. ಆರೂ ಬಾಟಲಿ ಚೆಲ್ಲಿದೆ.

ಜಮಖಂಡಿಯಿಂದ:
ಎಲ್ಲರಿಗೂ ಬಹಳ ಉಪಕಾರ ಆಯಿತು ರೀ. ಈಗಷ್ಟೇ ಫ್ರಿಜ್ ಬಾಗಿಲಿನಿಂದ ಬಾಟಲಿ ತೆಗೆದು ನೋಡಿದೆ. 40 ಅಂತಲೇ ಇದೆ. ಇಷ್ಟು ವರ್ಷ ನಾನೇ ತಂದು ಇಡುತ್ತಿದ್ದೇನೆ, ಒಮ್ಮೆಯೂ ಓದಿರಲಿಲ್ಲ. ಅಪ್ಪನಿಗೆ 25 ಡಾಲರ್ ಅಂದೆ, "ಎಷ್ಟು ದಿನಕ್ಕ?" ಅಂದರು. ಸುಮಾರು ಒಂದು ತಿಂಗಳಿಗೆ ಅಂದೆ. ಈಗ ಸೂಟ್‌ಕೇಸ್ ಇಳಿಸಲು ಹೇಳಿದ್ದಾರೆ.